ಕಾರ್ಖಾನೆ ಮಾರಿದರು, ಕೊಂಡವರೂ ಬಾಗಿಲು ಹಾಕಿದರು: ಬಾಕಿ ಸಂಬಳ ವಸೂಲಿ ಮಾಡುವ ದಾರಿ

ಅಪ್ಪ ಕಟ್ಟಿದ ವರ್ಕ್‌ಶಾಪನ್ನು ಮಕ್ಕಳು ಮಾರುತ್ತಾರೆ. ಕೊಂಡವರು ಒಂದೋ ಎರಡೋ ವರ್ಷ ನಡೆಸುತ್ತಾರೆ. ಮೊದಲು ಸಂಬಳ ಹತ್ತನೇ ತಾರೀಕಿಗೆ ಜಾರುತ್ತದೆ, ಆಮೇಲೆ ಇಪ್ಪತ್ತಕ್ಕೆ, ಆಮೇಲೆ "ಅಡ್ವಾನ್ಸ್ ತಗೊಳ್ಳಿ, ಮುಂದಿನ ತಿಂಗಳು ಸೇರಿಸಿ ಕೊಡ್ತೀವಿ" ಎಂಬಲ್ಲಿಗೆ ಬರುತ್ತದೆ. ಒಂದು ಬೆಳಿಗ್ಗೆ ಗೇಟಿಗೆ ಬೀಗ. ಹಳೇ ಯಜಮಾನರ ಮನೆಗೆ ಹೋದರೆ "ನಾನು ಮಾರಿ ಆಯ್ತಲ್ಲಪ್ಪ, ಅವರನ್ನೇ ಕೇಳು" ಎನ್ನುತ್ತಾರೆ. ಹೊಸಬರಿಗೆ ಫೋನ್ ಮಾಡಿದರೆ "ನಿನ್ನ ಸರ್ವಿಸೆಲ್ಲ ಅವರ ಕಾಲದ್ದು" ಎಂಬ ಉತ್ತರ. ಈ ಎರಡು ಮನೆಗಳ ನಡುವೆ ಓಡಾಡುತ್ತಲೇ ಅರ್ಜಿಯ ಗಡುವು ಮುಗಿದುಹೋಗುತ್ತದೆ. ಪೀಣ್ಯದ ಶೆಡ್ಡಿನಲ್ಲೂ, ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲೂ, ಗಂಗಾವತಿಯ ರೈಸ್ ಮಿಲ್ಲಿನಲ್ಲೂ ಕಾರ್ಮಿಕರು ಹಣ ಕಳೆದುಕೊಳ್ಳುವುದು ಹೆಚ್ಚಾಗಿ ಹೀಗೆಯೇ.

ಆದ್ದರಿಂದ ಮೊದಲ ಮಾತು: "ಹಳಬರು ಕೊಡಬೇಕೋ, ಹೊಸಬರು ಕೊಡಬೇಕೋ" ಎಂದು ತೀರ್ಮಾನಿಸುವುದು ನಿಮ್ಮ ಕೆಲಸವಲ್ಲ. ನೋಟಿಸಿನಲ್ಲೂ ಅರ್ಜಿಯಲ್ಲೂ ಇಬ್ಬರ ಹೆಸರನ್ನೂ ಹಾಕಿ. ಯಾರ ಪಾಲು ಎಷ್ಟು ಎಂಬುದನ್ನು ಅಧಿಕಾರಿ ತೀರ್ಮಾನಿಸಲಿ. ನೀವು ಹಿಡಿದಿಟ್ಟುಕೊಳ್ಳಬೇಕಾದದ್ದು ಎರಡೇ: ಮಾರಾಟವಾದ ತಾರೀಕು ಮತ್ತು ಮಾರಾಟವಾದದ್ದು ಏನು ಎಂಬುದು.

ಮಾರಿದ್ದು ಏನು?

"ಫ್ಯಾಕ್ಟರಿ ಮಾರಿದರು" ಎಂಬ ಒಂದೇ ಮಾತಿನಲ್ಲಿ ನಾಲ್ಕೈದು ಬೇರೆ ಬೇರೆ ವ್ಯವಹಾರಗಳು ಅಡಗಿರುತ್ತವೆ. ನಿಮ್ಮ ಹಕ್ಕು ಯಾರ ಮೇಲೆ ಎಂಬುದು ಅವುಗಳ ಮೇಲೆ ನಿಂತಿದೆ.

ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿದ್ದು ಕುಟುಂಬದವರು ಷೇರುಗಳನ್ನಷ್ಟೇ ಮಾರಿದ್ದರೆ ನಿಮ್ಮ ಮಾಲೀಕ ಬದಲಾಗಿಲ್ಲ. ಕಂಪನಿಯೇ ನಿಮ್ಮ ಮಾಲೀಕ, ಅದು ಹಾಗೇ ಇದೆ, ಡೈರೆಕ್ಟರುಗಳು ಬದಲಾಗಿದ್ದಾರೆ ಅಷ್ಟೇ. ಮೊದಲ ದಿನದಿಂದ ಕೊನೆಯ ದಿನದವರೆಗಿನ ಪೂರಾ ಸರ್ವಿಸಿನ ಹೊಣೆ ಆ ಕಂಪನಿಯದು. ಡೈರೆಕ್ಟರುಗಳ ಸ್ವಂತ ಮನೆಮಠಕ್ಕೆ ಕೈಹಾಕುವುದು ಮಾತ್ರ ಇಲ್ಲಿ ಸುಲಭವಲ್ಲ.

ಕಂಪನಿಯನ್ನು ಇಟ್ಟುಕೊಂಡು ಕಾರ್ಖಾನೆಯನ್ನೇ, ಅಂದರೆ ಯಂತ್ರ, ಕಟ್ಟಡ, ಆರ್ಡರು, ಕೆಲಸಗಾರರ ಸಮೇತ, ಬೇರೆಯವರಿಗೆ ವಹಿಸಿದ್ದರೆ ಅದು ಕಾನೂನಿನ ಕಣ್ಣಲ್ಲಿ ಉದ್ಯಮದ ವರ್ಗಾವಣೆ. ಹಳೆಯ ಕೈಗಾರಿಕಾ ವಿವಾದ ಕಾಯಿದೆಯ 25ಎಫ್‌ಎಫ್ ಕಲಮಿನಲ್ಲಿದ್ದ ರಕ್ಷಣೆ ಈಗ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. ವರ್ಗಾವಣೆಗೆ ಮುಂಚೆ ಒಂದು ವರ್ಷ ಸತತವಾಗಿ ದುಡಿದವರಿಗೆ, ಕೆಲಸದಿಂದ ತೆಗೆದರೆ ಸಿಗುವ ಪರಿಹಾರವೇ ಸಿಗಬೇಕು. ಇದಕ್ಕೆ ವಿನಾಯಿತಿ ಸಿಗಬೇಕಾದರೆ ಮೂರು ಷರತ್ತುಗಳು ಒಟ್ಟಿಗೆ ಈಡೇರಿರಬೇಕು: ಸರ್ವಿಸ್ ಮುರಿದಿರಬಾರದು, ಹೊಸ ಷರತ್ತುಗಳು ಹಳೆಯವಕ್ಕಿಂತ ಕೀಳಾಗಿರಬಾರದು, ಮುಂದೆ ತೆಗೆದುಹಾಕಿದರೆ ಹಳೆಯ ಸರ್ವಿಸನ್ನೂ ಸೇರಿಸಿ ಪರಿಹಾರ ಕೊಡುವ ಹೊಣೆ ಹೊಸ ಮಾಲೀಕರ ಮೇಲೆ ಕಾನೂನುಬದ್ಧವಾಗಿ ಇರಬೇಕು. ಮೂರರಲ್ಲಿ ಒಂದು ತಪ್ಪಿದರೂ ಆ ಪರಿಹಾರವನ್ನು ಹಳೇ ಯಜಮಾನರಿಂದಲೇ ಕೇಳಬಹುದು. ಅನಕಾಪಲ್ಲಿಯ ಸಕ್ಕರೆ ಕಾರ್ಖಾನೆಯ ಮೊಕದ್ದಮೆಯಲ್ಲಿ 1962ರಲ್ಲೇ ಸುಪ್ರೀಂ ಕೋರ್ಟ್ ಈ ಮಾತನ್ನು ಸ್ಪಷ್ಟಪಡಿಸಿದೆ. "ಹೊಸಬರು ನಿಮ್ಮನ್ನೆಲ್ಲ ಹಾಗೇ ಇಟ್ಟುಕೊಳ್ತಾರೆ" ಎಂದು ಬಾಯಲ್ಲಿ ಹೇಳಿದ್ದು ಮೂರನೇ ಷರತ್ತಿಗೆ ಸಾಲದು. ಮಾರಾಟದ ಕರಾರಿನಲ್ಲಿ ಅದು ಬರೆದಿರಬೇಕು.

ಪಾಲುದಾರಿಕೆ ಫರ್ಮ್ ಆಗಿದ್ದರೆ ಕಾರ್ಮಿಕರ ಕೈ ಇನ್ನೂ ಮೇಲೆ. ಪಾಲುದಾರರ ಹೊಣೆಗೆ ಮಿತಿಯಿಲ್ಲ, ಅವರ ಸ್ವಂತ ಆಸ್ತಿಯೂ ಬಾಧ್ಯ. ಅಣ್ಣತಮ್ಮಂದಿರು ಹೊರಬಂದು ಹೊಸ ಪಾಲುದಾರರು ಸೇರಿದ್ದರೂ, ಹೊರಬಂದವರು ತಮ್ಮ ಕಾಲದ ಬಾಕಿಯಿಂದ ತಪ್ಪಿಸಿಕೊಳ್ಳುವಂತಿಲ್ಲ. ನಿವೃತ್ತಿಯ ಬಗ್ಗೆ ಸಾರ್ವಜನಿಕ ಪ್ರಕಟಣೆ ಕೊಡದೆ ಸುಮ್ಮನೆ ಹೊರಟಿದ್ದರೆ ಆಮೇಲಿನ ಬಾಕಿಯೂ ಅವರ ಬೆನ್ನುಬೀಳಬಹುದು. ಒಬ್ಬರೇ ಮಾಲೀಕರಿದ್ದ ಅಂಗಡಿ, ಪ್ರೆಸ್ಸು, ಹೋಟೆಲುಗಳಲ್ಲಿ ಮಾಲೀಕರೇ ಹೊಣೆ. ಅವರು ತೀರಿಹೋಗಿದ್ದರೆ, ವಾರಸುದಾರರ ಕೈಗೆ ಬಂದ ಆಸ್ತಿ ಎಷ್ಟಿದೆಯೋ ಅಷ್ಟರ ಮಟ್ಟಿಗೆ ಅವರ ಮೇಲೆ ಕೇಳಬಹುದು.

ಕೊನೆಯದು, ಜನ ಗಮನಿಸದೇ ಬಿಡುವಂಥದ್ದು: ವ್ಯಾಪಾರ ಮಾರಿದ್ದಾರೆ, ಜಾಗ ಮಾರಿಲ್ಲ. ಕುಟುಂಬದ ಉದ್ಯಮಗಳಲ್ಲಿ ಶೆಡ್ಡಿರುವ ಸೈಟು ಬಹಳ ಸಲ ತಾಯಿಯ ಹೆಸರಿನಲ್ಲೋ ಸೊಸೆಯ ಹೆಸರಿನಲ್ಲೋ ಇರುತ್ತದೆ. ಕೊಂಡವರದು ಬರೀ ಬಾಡಿಗೆ ಕರಾರು. ಹಾಗಿದ್ದರೆ "ಫ್ಯಾಕ್ಟರಿ ಹರಾಜು ಹಾಕಿ ನಮ್ಮ ಹಣ ಕೊಡಿಸಿ" ಎಂಬ ಲೆಕ್ಕಾಚಾರ ಅಲ್ಲೇ ನಿಂತುಬಿಡುತ್ತದೆ. ಇದು ಮೊದಲೇ ಗೊತ್ತಿರಬೇಕು.

ತಿಳಿಯುವುದು ಹೇಗೆ? ಹಳೇ ಬಿಲ್ಲೊಂದರಲ್ಲಿರುವ ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲಿನ ಹುಡುಕಾಟದಲ್ಲಿ ಹಾಕಿ. ಲಾಗಿನ್ ಬೇಕಿಲ್ಲ. ಕಾನೂನುಬದ್ಧ ಹೆಸರು, ಅದು ಒಬ್ಬರದೋ ಪಾಲುದಾರಿಕೆಯೋ ಕಂಪನಿಯೋ ಎಂಬುದು, ನೋಂದಣಿ ರದ್ದಾಗಿದ್ದರೆ ಆ ತಾರೀಕು ಎಲ್ಲ ಬರುತ್ತದೆ. ಮಾರಾಟಕ್ಕೆ ಮುಂಚಿನ ಬಿಲ್ಲೂ ನಂತರದ ಬಿಲ್ಲೂ ಸಿಕ್ಕಿ ಎರಡರ ಸಂಖ್ಯೆ ಬೇರೆಬೇರೆ ಇದ್ದರೆ ಮಾಲೀಕತ್ವವೇ ಬದಲಾಗಿದೆ ಎಂಬುದಕ್ಕೆ ಅದು ಒಳ್ಳೆಯ ಸುಳಿವು. ಕಂಪನಿಯಾದರೆ ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲಿನಲ್ಲಿ ಡೈರೆಕ್ಟರುಗಳ ಹೆಸರು, ಬ್ಯಾಂಕಿಗೆ ಅಡವಿಟ್ಟ ವಿವರ ಸಿಗುತ್ತದೆ. 100 ರೂಪಾಯಿ ಕಟ್ಟಿದರೆ ಆ ಕಂಪನಿ ಸಲ್ಲಿಸಿದ ಕಾಗದಪತ್ರಗಳನ್ನೂ ನೋಡಬಹುದು. ಫರ್ಮ್ ಆದರೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಪಾಲುದಾರರ ಪಟ್ಟಿ ಕೇಳಿ. ಜಮೀನು ಕಟ್ಟಡಕ್ಕೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ, ಅದರಲ್ಲಿ ಕ್ರಯಪತ್ರದ ನಂಬರ್ ಹಿಡಿದು ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ದೃಢೀಕೃತ ನಕಲು ಪಡೆಯಿರಿ. ಸ್ಥಿರಾಸ್ತಿಯ ನೋಂದಾಯಿತ ಪತ್ರದ ನಕಲನ್ನು ಯಾರು ಬೇಕಾದರೂ ಕೇಳಬಹುದು, "ನೀವು ಪಾರ್ಟಿ ಅಲ್ಲ" ಎಂದು ಹಿಂದಕ್ಕೆ ಕಳಿಸುವಂತಿಲ್ಲ.

ಕ್ರಯಪತ್ರ ಸಿಕ್ಕಿದರೆ ಎರಡು ಸಾಲು ಹುಡುಕಿ. ಕಾರ್ಮಿಕರ ಬಾಕಿ ಯಾರ ತಲೆಗೆ ಎಂದು ಬರೆದಿದೆಯೇ? ಕೊಂಡವರು ಹಣ ಪೂರ್ತಿ ಕೊಟ್ಟಿದ್ದಾರೋ, ಕಂತು ಉಳಿದಿದೆಯೋ? ಉಳಿದ ಕಂತು ಎಂದರೆ ಹಳೇ ಯಜಮಾನರಿಗೆ ಬರಬೇಕಾದ ಹಣ. ಜಪ್ತಿ ಮಾಡಿಸಬಹುದಾದ ಆಸ್ತಿಗಳಲ್ಲಿ ಅದು ಎಲ್ಲಕ್ಕಿಂತ ಸರಳವಾದದ್ದು.

ಮೊದಲ ವಾರ: ದಾಖಲೆ

ಗೇಟಿಗೆ ಬೀಗ ಬಿದ್ದ ಮೇಲೆ ಹಾಜರಿ ಪುಸ್ತಕ ನಿಮ್ಮ ಕೈಗೆ ಸಿಗುವುದಿಲ್ಲ. ಸಂಬಳ ತಡವಾಗಲು ಶುರುವಾದ ತಿಂಗಳಲ್ಲೇ ದಾಖಲೆ ಕೂಡಿಡುವುದು ಜಾಣತನ. ಬೀಗ ಬಿದ್ದಾಗಿದ್ದರೂ ಹೆದರಬೇಡಿ, ಹೊರಗಿನಿಂದ ಸಿಗುವುದು ಬಹಳವಿದೆ.

ಬ್ಯಾಂಕಿನಿಂದ ಕೆಲಸಕ್ಕೆ ಸೇರಿದಂದಿನಿಂದ ಇಂದಿನವರೆಗಿನ ಸ್ಟೇಟ್‌ಮೆಂಟ್ ತೆಗೆಸಿ, ಸಂಬಳ ಹಾಕಿದ ಖಾತೆಯ ಹೆಸರು ಯಾವ ತಿಂಗಳಲ್ಲಿ ಬದಲಾಯಿತು ಎಂದು ಗುರುತು ಹಾಕಿಕೊಳ್ಳಿ. ಪಿಎಫ್ ಪಾಸ್‌ಬುಕ್ ಇಳಿಸಿಕೊಳ್ಳಿ. ಅದರಲ್ಲಿ ಸಂಸ್ಥೆಯ ಕೋಡ್ ಇರುತ್ತದೆ, ಮಾರಾಟದ ನಂತರ ಕೋಡ್ ಬದಲಾಗಿದ್ದರೆ ಅದೂ ಸಾಕ್ಷಿಯೇ. ಇಎಸ್‌ಐ ನಂಬರಿನಲ್ಲಿ ವಂತಿಗೆಯ ವಿವರ ಸಿಗುತ್ತದೆ. ಗುರುತಿನ ಚೀಟಿ, ಸಂಬಳದ ಚೀಟಿ, ಸಹಿ ಹಾಕಿದ ವೋಚರ್, ಮೇಸ್ತ್ರಿ ಕೊಟ್ಟ ತುಂಡು ಚೀಟಿ, ಯೂನಿಫಾರ್ಮಿನಲ್ಲಿ ಆಯುಧಪೂಜೆಗೆ ತೆಗೆದ ಗುಂಪು ಫೋಟೋ ಎಲ್ಲವೂ ಬೇಕು. ಕೈಗೆ ನಗದು ಪಡೆದು, ಎಲ್ಲೂ ಹೆಸರು ಬರೆಸದೇ ದುಡಿದವರಿಗೆ ಇವೇ ಆಧಾರ.

ವಾಟ್ಸಾಪ್ ಗುಂಪಿನಲ್ಲಿ "ಸಂಬಳ 25ಕ್ಕೆ ಹಾಕ್ತೀವಿ" ಎಂದು ಮ್ಯಾನೇಜರ್ ಕಳಿಸಿದ ಸಂದೇಶ ಸಾಲದ ಒಪ್ಪಿಗೆಗೆ ಸಮ. ಬರೀ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಫೋನ್ ಮಾರಬೇಡಿ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ, ಮೂಲ ಫೋನ್ ಇದ್ದರೆ ಆ ಕೆಲಸ ಸಲೀಸು.

ಇಷ್ಟೆಲ್ಲ ಕೂಡಿಸಲಾಗದಿದ್ದರೂ ಅರ್ಜಿ ಹಾಕಿ. 2019ರ ವೇತನ ಸಂಹಿತೆಯ ಪ್ರಕಾರ, ಸಂಬಳ ಕೊಟ್ಟಿಲ್ಲ ಎಂದು ನೌಕರ ಅರ್ಜಿ ಹಾಕಿದರೆ ಕೊಟ್ಟಿದ್ದೇವೆ ಎಂದು ರುಜುವಾತು ಮಾಡುವ ಹೊರೆ ಮಾಲೀಕರ ಮೇಲಿದೆ. ನೀವು ಅಲ್ಲಿ ದುಡಿದಿದ್ದೀರಿ ಎಂಬುದನ್ನು ತೋರಿಸಿದರೆ ಅರ್ಧ ದಾರಿ ಸಾಗಿದಂತೆ.

ಬಾಕಿ ಎಂದರೆ ನಾಲ್ಕು ತಿಂಗಳ ಸಂಬಳ ಮಾತ್ರವಲ್ಲ

ಕಾರ್ಮಿಕರು ಅತಿ ಹೆಚ್ಚು ಕಳೆದುಕೊಳ್ಳುವ ಜಾಗ ಇದು. "ನಂಗೆ ನಾಲ್ಕು ತಿಂಗಳು ಬರಬೇಕು" ಎಂದು ಅರ್ಜಿಯಲ್ಲಿ ಬರೆದರೆ ಅಧಿಕಾರಿ ಅಷ್ಟನ್ನೇ ನೋಡುತ್ತಾರೆ. ಒಂದು ಲೆಕ್ಕ ಹಾಕಿ ನೋಡೋಣ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 18,200 ರೂಪಾಯಿ, ಸರ್ವಿಸ್ 11 ವರ್ಷ 7 ತಿಂಗಳು, 4 ತಿಂಗಳ ಸಂಬಳ ಬಾಕಿ, 22 ದಿನದ ಗಳಿಕೆ ರಜೆ ಉಳಿದಿದೆ ಎಂದಿಟ್ಟುಕೊಳ್ಳಿ.

ಬಾಕಿ ಸಂಬಳ 72,800. ಗ್ರಾಚ್ಯುಟಿಗೆ, ಅಂದರೆ ದುಡಿದ ವರ್ಷಗಳಿಗೆ ತಕ್ಕಂತೆ ಕೆಲಸ ಬಿಡುವಾಗ ಸಿಗುವ ಹಣಕ್ಕೆ, ತಿಂಗಳ ಸಂಬಳವನ್ನು 26ರಿಂದ ಭಾಗಿಸಬೇಕು, ದಿನಕ್ಕೆ 700 ಬಂತು. ಅದನ್ನು 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಿ. ಆರು ತಿಂಗಳು ಮೀರಿದ ತುಂಡನ್ನು ಪೂರ್ತಿ ವರ್ಷವೆಂದೇ ಹಿಡಿಯಬೇಕು, ಹಾಗಾಗಿ ಸರ್ವಿಸ್ 12 ವರ್ಷ. ಗ್ರಾಚ್ಯುಟಿ 1,26,000. ಮುಚ್ಚುವಿಕೆಯ ಪರಿಹಾರ, ಅಂದರೆ ಉದ್ಯಮ ಮುಚ್ಚಿ ಕೆಲಸ ಹೋದದ್ದಕ್ಕೆ ಸಿಗುವ ಹಣ, ವರ್ಷಕ್ಕೆ 15 ದಿನದ ಸರಾಸರಿ ವೇತನ. ತಿಂಗಳ ಸಂಬಳದವರಿಗೆ ಅರ್ಧ ತಿಂಗಳೆಂದು ಹಿಡಿದರೆ 9,100 ಗುಣಿಸು 12, ಅಂದರೆ 1,09,200. ನೋಟಿಸ್ ಕೊಡದಿದ್ದಕ್ಕೆ ಒಂದು ತಿಂಗಳು, 18,200. ರಜೆಯ ಹಣ 22 ಗುಣಿಸು 700, ಅಂದರೆ 15,400. ಒಟ್ಟು 3,41,600 ರೂಪಾಯಿ. ನಾಲ್ಕು ತಿಂಗಳ ಸಂಬಳಕ್ಕೆ ಇದು ನಾಲ್ಕು ಪಟ್ಟಿಗೂ ಹೆಚ್ಚು. ಇದರ ಮೇಲೆ ಬೋನಸ್, ಪಿಎಫ್‌ಗೆ ಕಡಿದು ಕಟ್ಟದ ಹಣ, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟಿದ್ದರೆ ಆ ವ್ಯತ್ಯಾಸ ಬೇರೆ.

"ನಷ್ಟವಾಯ್ತು, ಅದಕ್ಕೇ ಮುಚ್ಚಿದೆವು, ಪರಿಹಾರ ಮೂರು ತಿಂಗಳದ್ದು ಮಾತ್ರ" ಎಂಬ ವಾದ ಬರುತ್ತದೆ. ಮಾಲೀಕರ ಕೈಮೀರಿದ ಅನಿವಾರ್ಯ ಕಾರಣವಿದ್ದರೆ ಮೂರು ತಿಂಗಳ ಮಿತಿ ಇರುವುದು ನಿಜ. ಆದರೆ ಬರೀ ಹಣದ ತೊಂದರೆ, ನಷ್ಟ, ಮಾರಾಟವಾಗದ ಸರಕು ಇವು ಕೈಮೀರಿದ ಕಾರಣಗಳಲ್ಲ ಎಂದು ಕಾನೂನೇ ಬಿಡಿಸಿ ಹೇಳಿದೆ.

ಗ್ರಾಚ್ಯುಟಿಗೆ ಸಾಮಾನ್ಯವಾಗಿ ಐದು ವರ್ಷದ ಸರ್ವಿಸ್ ಬೇಕು, ಸಂಸ್ಥೆಯಲ್ಲಿ ಹತ್ತು ಜನ ಇದ್ದಿರಬೇಕು. ಮಾಲೀಕರು ಬದಲಾದರೆಂದು ಸರ್ವಿಸ್ ಮುರಿಯುವುದಿಲ್ಲ. ಹಳಬರ ಬಳಿ 9 ವರ್ಷ, ಹೊಸಬರ ಬಳಿ 2 ವರ್ಷ ಎಂದರೆ 11 ವರ್ಷವೇ. "ನಮ್ಮಲ್ಲಿ ಎರಡೇ ವರ್ಷ, ಗ್ರಾಚ್ಯುಟಿ ಇಲ್ಲ" ಎನ್ನುವುದನ್ನು ಒಪ್ಪಬೇಡಿ. ಮಾರಾಟದ ಹೊತ್ತಿನಲ್ಲಿ ರಾಜೀನಾಮೆ ಬರೆಸಿಕೊಂಡು ಮರುದಿನ ಹೊಸ ನೇಮಕಾತಿ ಪತ್ರ ಕೊಡುವುದು ಈ ಐದು ವರ್ಷವನ್ನು ತುಂಡರಿಸುವ ಹಳೆಯ ಉಪಾಯ. ಅಂಥ ಪತ್ರ ಬರೆದುಕೊಟ್ಟಿದ್ದರೆ ಎರಡೂ ತಾರೀಕನ್ನು ಅರ್ಜಿಯಲ್ಲಿ ಮುಚ್ಚಿಡದೆ ಹೇಳಿ, ಒಂದು ದಿನವೂ ಕೆಲಸ ನಿಂತಿರಲಿಲ್ಲ ಎಂಬುದನ್ನು ಬ್ಯಾಂಕ್ ಮತ್ತು ಪಿಎಫ್ ದಾಖಲೆಯಿಂದ ತೋರಿಸಿ.

ಕರ್ನಾಟಕದಲ್ಲಿ ಇನ್ನೊಂದು ಬಾಗಿಲೂ ತಟ್ಟಬೇಕು. 2024ರ ಜನವರಿಯಿಂದ ಇಲ್ಲಿ ಗ್ರಾಚ್ಯುಟಿಗೆ ಕಡ್ಡಾಯ ವಿಮೆಯ ನಿಯಮ ಬಂದಿದೆ. ಯಜಮಾನರು ಪಾಲಿಸಿ ಮಾಡಿಸಿದ್ದರೇ, ಯಾವ ಕಂಪನಿಯಲ್ಲಿ, ಎಂದು ನೋಟಿಸಿನಲ್ಲೇ ಕೇಳಿ. ಪಾಲಿಸಿ ಇದ್ದರೆ ಆ ಹಣ ಮಾಲೀಕರ ದಿವಾಳಿತನಕ್ಕೆ ಸಿಲುಕದೆ ಪ್ರತ್ಯೇಕವಾಗಿ ಉಳಿದಿರುತ್ತದೆ.

ನೋಟಿಸ್

ವಕೀಲರೇ ಬೇಕೆಂದಿಲ್ಲ. ಒಂದೇ ಪುಟ ಸಾಕು: ಸೇರಿದ ತಾರೀಕು, ಕೆಲಸ, ಕೊನೆಯ ಸಂಬಳ, ಬೀಗ ಬಿದ್ದ ದಿನ, ಮೇಲಿನಂತೆ ಬಾಬುವಾರು ಲೆಕ್ಕ, 15 ದಿನದೊಳಗೆ ಕೊಡಿ ಎಂಬ ಮಾತು. ಹಳೇ ಯಜಮಾನರು, ಹೊಸ ಮಾಲೀಕರು, ಕಂಪನಿಯಾದರೆ ಅದರ ನೋಂದಾಯಿತ ವಿಳಾಸ, ಫರ್ಮ್ ಆದರೆ ಪ್ರತಿಯೊಬ್ಬ ಪಾಲುದಾರರ ಮನೆ ವಿಳಾಸ, ಹೀಗೆ ಎಲ್ಲರಿಗೂ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಬೀಗ ಹಾಕಿದ ಫ್ಯಾಕ್ಟರಿಯ ವಿಳಾಸಕ್ಕೆ ಮಾತ್ರ ಕಳಿಸಿ, ಲಕೋಟೆ ವಾಪಸು ಬಂದ ಮೇಲೆ ಸುಮ್ಮನೆ ಕೂತವರು ಬಹಳ ಮಂದಿ. ವಾಪಸು ಬಂದ ಲಕೋಟೆಯನ್ನು ಒಡೆಯದೆ ಇಟ್ಟುಕೊಳ್ಳಿ, ಅದೂ ದಾಖಲೆ.

ಮುಚ್ಚಿದ ಮೇಲೆ ಸಂಬಳದ ಪೂರ್ತಿ ಹಣ ಎರಡು ಕೆಲಸದ ದಿನದೊಳಗೆ ಕೈಸೇರಬೇಕು ಎಂಬುದು ವೇತನ ಸಂಹಿತೆಯ ಮಾತು. ಹಾಗಾಗಿ ನೋಟಿಸಿಗೆ ಉತ್ತರ ಬರಲಿ ಎಂದು ತಿಂಗಳುಗಟ್ಟಲೆ ಕಾಯಬೇಕಾಗಿಲ್ಲ.

ಒಂದೊಂದು ಬಾಬಿಗೂ ಒಂದೊಂದು ಬಾಗಿಲು

ಎಲ್ಲ ಬಾಕಿಯನ್ನೂ ಒಂದೇ ಅರ್ಜಿಯಲ್ಲಿ ತುಂಬಿ ಒಂದೇ ಕಚೇರಿಗೆ ಕೊಟ್ಟರೆ, ಎರಡು ವರ್ಷ ಕಳೆದ ಮೇಲೆ "ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂಬ ಉತ್ತರ ಬರಬಹುದು.

ಸಂಬಳ ಮತ್ತು ಬೋನಸ್: ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರಿಗೆ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಆದರೆ ಅಲ್ಲಿಗೇ ನಿಲ್ಲಬೇಡಿ. ನಿರೀಕ್ಷಕರು ಮಾಲೀಕರನ್ನು ಕರೆಸಿ ಮಾತಾಡಿಸಬಲ್ಲರು. ಹಣ ಕೊಡಿ ಎಂದು ಆದೇಶ ಮಾಡುವುದು ವೇತನ ಸಂಹಿತೆಯ 45ನೇ ಕಲಮಿನಡಿ ನೇಮಕವಾದ ಪ್ರಾಧಿಕಾರ. ಆ ಅಧಿಕಾರ ನಿಮ್ಮ ಜಿಲ್ಲೆಯಲ್ಲಿ ಯಾರಿಗಿದೆ ಎಂದು ಕಾರ್ಮಿಕ ಅಧಿಕಾರಿ ಕಚೇರಿಯಲ್ಲೋ ಸಹಾಯವಾಣಿ 155214ರಲ್ಲೋ ಕೇಳಿ. ಬೆಂಗಳೂರಿನವರು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಬಹುದು. ಅರ್ಜಿಯನ್ನು ನೀವೂ ಹಾಕಬಹುದು, ನೀವು ಸದಸ್ಯರಾಗಿರುವ ನೋಂದಾಯಿತ ಸಂಘವೂ ಹಾಕಬಹುದು. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ವಿಧಿಸುವ ಅಧಿಕಾರ ಪ್ರಾಧಿಕಾರಕ್ಕಿದೆ, ಅದನ್ನು ಕೇಳಿ ಬರೆಯಿರಿ. ಹತ್ತು ಪಟ್ಟು ಸಿಕ್ಕೇಬಿಡುತ್ತದೆ ಎಂದು ನಂಬಬೇಡಿ, ಆದರೆ ಕೇಳದಿದ್ದರೆ ಒಂದು ಪಟ್ಟೂ ಸಿಗುವುದಿಲ್ಲ. ಇದೇ ಸಂಹಿತೆಯ 43ನೇ ಕಲಮನ್ನೂ ಉಲ್ಲೇಖಿಸಿ: ಉದ್ಯೋಗದಾತ ಕೊಡದಿದ್ದರೆ ಆ ಸಂಸ್ಥೆಯ ಒಡೆತನ ಯಾರದೋ ಆ ಕಂಪನಿ, ಫರ್ಮ್ ಅಥವಾ ವ್ಯಕ್ತಿ ಹೊಣೆ. ಹಳಬರು "ಮ್ಯಾನೇಜರ್ ನೋಡ್ಕೊಳ್ತಿದ್ದ" ಎನ್ನುವಾಗ ಇದು ಬಳಕೆಗೆ ಬರುತ್ತದೆ.

ಈ ಅರ್ಜಿ ಹಾಕಲು ಅವಧಿ ಈಗ ಮೂರು ವರ್ಷ. ಇಲ್ಲಿ ಒಂದು ಕೊಕ್ಕೆ ಇದೆ. ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಅದಕ್ಕೂ ಹಿಂದಿನ ಬಾಕಿಗೆ 1936ರ ವೇತನ ಪಾವತಿ ಕಾಯಿದೆಯ 12 ತಿಂಗಳ ಗಡುವೇ ಅನ್ವಯ ಎಂದು ಎದುರು ವಕೀಲರು ವಾದಿಸುವುದು ಖಂಡಿತ. ಆದ್ದರಿಂದ ಬಾಕಿಯನ್ನು ತಿಂಗಳುವಾರು ತೋರಿಸಿ, ಹಳೆಯ ತಿಂಗಳುಗಳಿಗೆ ವಿಳಂಬ ಮನ್ನಿಸಿ ಎಂಬ ಪ್ರತ್ಯೇಕ ಅರ್ಜಿಯನ್ನೂ ಜೊತೆಗೇ ಕೊಡಿ. "ಮುಂದಿನ ತಿಂಗಳು ಕೊಡ್ತೀವಿ" ಎಂಬ ಸಂದೇಶಗಳೇ ವಿಳಂಬಕ್ಕೆ ಕಾರಣದ ಪುರಾವೆ.

ಅಕೌಂಟೆಂಟ್, ಸೂಪರ್‌ವೈಸರ್, ಮ್ಯಾನೇಜರುಗಳು "ಲೇಬರ್ ಆಫೀಸ್ ನಮಗಲ್ಲ" ಎಂದು ಹಿಂಜರಿಯುತ್ತಾರೆ. ವೇತನ ಸಂಹಿತೆಯ ನೌಕರ ಎಂಬ ಪದದೊಳಗೆ ಮೇಲ್ವಿಚಾರಣೆ, ಆಡಳಿತದ ಕೆಲಸದವರೂ ಬರುತ್ತಾರೆ. ಅವರಿಗೆ ದಾರಿ ಮುಚ್ಚುವುದು ಮುಚ್ಚುವಿಕೆಯ ಪರಿಹಾರದಲ್ಲಿ. ಅಲ್ಲಿ ಮ್ಯಾನೇಜರುಗಳಿಗೂ, ತಿಂಗಳಿಗೆ 18,000 ಮೀರಿದ ಮೇಲ್ವಿಚಾರಕರಿಗೂ ಜಾಗವಿಲ್ಲ. ಆಪರೇಟರ್, ಗುಮಾಸ್ತ, ಫಿಟ್ಟರ್‌ಗಳಿಗೆ ಈ 18,000ದ ಮಿತಿ ಅನ್ವಯಿಸುವುದಿಲ್ಲ, ಅವರ ಸಂಬಳ ಎಷ್ಟೇ ಇರಲಿ.

ಗ್ರಾಚ್ಯುಟಿ: ಮೊದಲು ಮಾಲೀಕರಿಗೆ ಲಿಖಿತ ಅರ್ಜಿ, ಕೆಲಸ ಹೋದ 30 ದಿನದೊಳಗೆ. ಬರದಿದ್ದರೆ ನಿಯಂತ್ರಣ ಪ್ರಾಧಿಕಾರಕ್ಕೆ, ಅಂದರೆ ಕರ್ನಾಟಕದಲ್ಲಿ ಸಾಮಾನ್ಯವಾಗಿ ಸಹಾಯಕ ಕಾರ್ಮಿಕ ಆಯುಕ್ತರಿಗೆ, 90 ದಿನದೊಳಗೆ. ತಡವಾದರೆ ಕಾರಣ ಬರೆದು ಹಾಕಿ, ಬಾಗಿಲು ಮುಚ್ಚಿಬಿಡುವುದಿಲ್ಲ. ತಡವಾದ ಅವಧಿಗೆ ಬಡ್ಡಿಯನ್ನೂ ಕೇಳಿ.

ಮುಚ್ಚುವಿಕೆ ಅಥವಾ ವರ್ಗಾವಣೆಯ ಪರಿಹಾರ: ಇದು ಸಂಧಾನಾಧಿಕಾರಿಯ ಮೂಲಕ ಕೈಗಾರಿಕಾ ನ್ಯಾಯಮಂಡಳಿಗೆ ಹೋಗುವ ವಿಷಯ. ಲೆಕ್ಕದಲ್ಲಿ ತಕರಾರೇ ಇಲ್ಲದ ಹಣವಾದರೆ ನೇರವಾಗಿ ಸರ್ಕಾರಕ್ಕೆ ವಸೂಲಿ ಅರ್ಜಿ ಹಾಕಬಹುದು, ಹಣ ಬಾಕಿಯಾದ ಒಂದು ವರ್ಷದೊಳಗೆ. ಸಂಧಾನದಲ್ಲಿ ಕಂತಿನ ಒಪ್ಪಂದಕ್ಕೆ ಬಂದರೆ ಅದನ್ನು ಅಧಿಕಾರಿಯ ಎದುರೇ ಬರೆಸಿ ಸಹಿ ಮಾಡಿಸಿ. ಹೋಟೆಲಿನಲ್ಲಿ ಕೂತು ಬಿಳಿ ಹಾಳೆಯಲ್ಲಿ ಬರೆದುಕೊಂಡ ಒಪ್ಪಂದ ಮುರಿದುಬಿದ್ದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಪಿಎಫ್: ಮಾರಾಟವಾದ ಉದ್ಯಮದ ಕಾರ್ಮಿಕರಿಗೆ ಇರುವ ಬಲವಾದ ಆಯುಧ ಇದೇ. ಮಾರಾಟದ ದಿನದವರೆಗಿನ ಪಿಎಫ್ ಬಾಕಿಗೆ ಮಾರಿದವರೂ ಕೊಂಡವರೂ ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆ. ಕೊಂಡವರ ಹೊಣೆ ಅವರು ಪಡೆದ ಆಸ್ತಿಯ ಬೆಲೆಯಷ್ಟು. "ಬಾಕಿ ಎಲ್ಲ ಹಳಬರದು" ಎಂದು ಅವರಿಬ್ಬರು ತಮ್ಮ ಕರಾರಿನಲ್ಲಿ ಬರೆದುಕೊಂಡಿದ್ದರೂ ಪಿಎಫ್ ಕಚೇರಿಗೆ ಅದು ಅಡ್ಡಿಯಲ್ಲ. ಇಎಸ್‌ಐ ಬಾಕಿಗೂ ಇದೇ ರೀತಿ. ಮೇಲಾಗಿ ಪಿಎಫ್ ಬಾಕಿಗೆ ಆಸ್ತಿಯ ಮೇಲೆ ಮೊದಲ ಹಕ್ಕಿದೆ, ಬ್ಯಾಂಕಿನ ಅಡಮಾನಕ್ಕಿಂತಲೂ ಮುಂದೆ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿದೆ. ಪಾಸ್‌ಬುಕ್ ನೋಡಿ ಯಾವ ತಿಂಗಳು ಕಟ್ಟಿಲ್ಲ ಎಂದು ಪಟ್ಟಿ ಮಾಡಿ, ಇಪಿಎಫ್‌ಒದ ಕುಂದುಕೊರತೆ ಪೋರ್ಟಲಿನಲ್ಲಿ ದೂರು ಹಾಕಿ, ಪ್ರಾದೇಶಿಕ ಕಚೇರಿಗೂ ಕಾಗದ ಕೊಡಿ. ನಿಮ್ಮ ಸಂಬಳದಿಂದ ಕಡಿದ ಪಾಲನ್ನು ಕಟ್ಟದೇ ಇಟ್ಟುಕೊಂಡಿದ್ದರೆ ಅದು ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನ ನಂಬಿಕೆದ್ರೋಹ. ಕಡಿತ ತೋರಿಸುವ ಸಂಬಳದ ಚೀಟಿ ಒಂದಿದ್ದರೂ ದೂರಿಗೆ ತೂಕ ಬರುತ್ತದೆ. ಕೆಲಸ ಬಿಟ್ಟ ತಾರೀಕನ್ನು ಮಾಲೀಕರು ನಮೂದಿಸದೆ ನಿಮ್ಮ ಹಣ ಸಿಕ್ಕಿಬಿದ್ದಿದ್ದರೆ, ಕೊನೆಯ ವಂತಿಗೆಯ ಎರಡು ತಿಂಗಳ ನಂತರ ಸದಸ್ಯರ ಪೋರ್ಟಲಿನಲ್ಲಿ ನೀವೇ ನಮೂದಿಸಬಹುದು.

ಇಎಸ್‌ಐ ಇದ್ದವರು ಬ್ರಾಂಚ್ ಕಚೇರಿಯಲ್ಲಿ ನಿರುದ್ಯೋಗ ಭತ್ಯೆಯ ಬಗ್ಗೆಯೂ ವಿಚಾರಿಸಿ. ಮೊಕದ್ದಮೆ ನಡೆಯುವಷ್ಟು ದಿನ ಮನೆ ನಡೆಯಬೇಕಲ್ಲ.

ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಗಿದ್ದರೆ

ಬೆಂಗಳೂರಿನ ಎನ್‌ಸಿಎಲ್‌ಟಿ (ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ) ದಿವಾಳಿ ಅರ್ಜಿ ಅಂಗೀಕರಿಸಿದ ದಿನದಿಂದ ಕಂಪನಿಯ ಮೇಲಿನ ಉಳಿದ ಮೊಕದ್ದಮೆಗಳೆಲ್ಲ ನಿಲ್ಲುತ್ತವೆ. ಲೇಬರ್ ಕೋರ್ಟಿನ ದಿನಾಂಕಕ್ಕೆ ಕಾಯುತ್ತ ಕೂತರೆ ರೈಲು ಹೋಗಿಬಿಡುತ್ತದೆ. ಪತ್ರಿಕೆಯಲ್ಲೂ ದಿವಾಳಿ ಪ್ರಕ್ರಿಯೆ ನೋಡಿಕೊಳ್ಳುವ ಮಂಡಳಿಯಾದ ಐಬಿಬಿಐ ಜಾಲತಾಣದಲ್ಲೂ ಪ್ರಕಟಣೆ ಬರುತ್ತದೆ, ಅದರಲ್ಲಿ ಹೇಳಿದ ವ್ಯಕ್ತಿಗೆ ಫಾರ್ಮ್ ಡಿ ತುಂಬಿ ಕೊಡಬೇಕು. ಎಲ್ಲರ ಪರವಾಗಿ ಒಬ್ಬರು ಕೊಡುವುದಾದರೆ ಫಾರ್ಮ್ ಇ. ಶುಲ್ಕವಿಲ್ಲ, ಇಮೇಲಿನಲ್ಲೂ ಕಳಿಸಬಹುದು. ಪ್ರಕಟಣೆಯಲ್ಲಿರುವ ಕೊನೆಯ ದಿನ ತಪ್ಪಿಹೋಗಿದ್ದರೂ ಕೈಚೆಲ್ಲಬೇಡಿ, ಎನ್‌ಸಿಎಲ್‌ಟಿ ಅರ್ಜಿ ಅಂಗೀಕರಿಸಿದ ದಿನದಿಂದ ಕನಿಷ್ಠ 90 ದಿನದವರೆಗೆ ಅವಕಾಶವಿದೆ. ಮುಂದೆ ಕಂಪನಿ ಸಮಾಪನೆಗೆ, ಅಂದರೆ ಆಸ್ತಿ ಮಾರಿ ಹಂಚಿ ಮುಚ್ಚುವ ಹಂತಕ್ಕೆ, ಹೋದರೆ 30 ದಿನದೊಳಗೆ ಮತ್ತೆ ಬೇರೆ ಅರ್ಜಿ. ಅಲ್ಲೂ ಹೆಸರು ಫಾರ್ಮ್ ಇ ಎಂದೇ, ಆದರೆ ಸಮಾಪನೆಯ ನಿಯಮದ ಫಾರ್ಮ್ ಇ. ಇವೆರಡನ್ನು ಅದಲುಬದಲು ಮಾಡಿ ತಿರಸ್ಕಾರವಾಗುವುದು ಸಾಮಾನ್ಯ.

ಸಮಾಪನೆಯಲ್ಲಿ ಪ್ರಕ್ರಿಯೆಯ ಖರ್ಚು ಕಳೆದ ಮೇಲೆ, ಕಾರ್ಮಿಕರ ಹಿಂದಿನ 24 ತಿಂಗಳ ಬಾಕಿ ಅಡಮಾನವಿರುವ ಬ್ಯಾಂಕಿನ ಸಮಕ್ಕೆ ನಿಲ್ಲುತ್ತದೆ. ಕಾರ್ಮಿಕರಲ್ಲದ ನೌಕರರದು ಅದರ ಕೆಳಗೆ, 12 ತಿಂಗಳದ್ದು. ಪಿಎಫ್ ಮತ್ತು ಗ್ರಾಚ್ಯುಟಿ ನಿಧಿ ಈ ಹಂಚಿಕೆಗೇ ಬರುವುದಿಲ್ಲ, ಅದನ್ನು ಹೊರಗಿಡಬೇಕು. ಅದಕ್ಕೇ ಫಾರ್ಮಿನಲ್ಲಿ ಸಂಬಳ, ಗ್ರಾಚ್ಯುಟಿ, ಪಿಎಫ್ ಮೂರನ್ನೂ ಒಂದೇ ಮೊತ್ತವಾಗಿ ಬರೆಯಬಾರದು.

ಕಾರ್ಮಿಕ ಸಂಘವೇ ಎನ್‌ಸಿಎಲ್‌ಟಿಗೆ ಹೋಗಬಹುದು ಎಂದು 2019ರಲ್ಲಿ ಜೆ.ಕೆ. ಜೂಟ್ ಮಿಲ್ ಕಾರ್ಮಿಕರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಾಕಿ ಕನಿಷ್ಠ ಒಂದು ಕೋಟಿ ಇರಬೇಕು, ಮೇಲಿನ ಲೆಕ್ಕದಂತೆ ಮೂವತ್ತು ಜನ ಸೇರಿದರೆ ಅದು ದಾಟುತ್ತದೆ. ಆದರೆ ಯಂತ್ರಗಳನ್ನು ಆಗಲೇ ಸಾಗಿಸಿ, ಜಾಗ ಬಾಡಿಗೆಯದಾಗಿದ್ದರೆ ಈ ದಾರಿ ಹಿಡಿಯದಿರುವುದೇ ಮೇಲು. ಇರುವ ಚೂರುಪಾರು ಹಣ ಪ್ರಕ್ರಿಯೆಯ ಖರ್ಚಿಗೇ ಹೋಗುತ್ತದೆ.

ಕೈಹಾಕಬಾರದ ಕಾಗದಗಳು

"ಲೆಕ್ಕ ಚುಕ್ತಾ" ಎಂದು ಬರೆದ ರಸೀದಿಗೆ ಹತ್ತು ಸಾವಿರದ ಆಸೆಗೆ ಸಹಿ ಹಾಕಬೇಡಿ. ಹಣ ತೀರಾ ಬೇಕೇ ಬೇಕೆಂದರೆ ಪಡೆದುಕೊಳ್ಳಿ, ಆದರೆ ಸಹಿಯ ಪಕ್ಕದಲ್ಲಿ "ಬಾಕಿಯ ಭಾಗಶಃ ಹಣ ಮಾತ್ರ" ಎಂದು ನಿಮ್ಮ ಕೈಯಲ್ಲೇ ಬರೆದು ಫೋಟೋ ತೆಗೆದಿಡಿ.

ಬಾಕಿ ಸಂಬಳವನ್ನು "ಕೈಸಾಲ" ಎಂದು ಪ್ರೋನೋಟು ಬರೆದುಕೊಡುತ್ತೇವೆ ಎಂದರೆ ಒಪ್ಪಬೇಡಿ. ಸಾಲವಾದ ಕ್ಷಣ ಅದು ಸಂಬಳವಲ್ಲ ಎಂಬ ವಾದಕ್ಕೆ ದಾರಿಯಾಗುತ್ತದೆ.

ಚೆಕ್ ಕೊಟ್ಟರೆ ತೆಗೆದುಕೊಳ್ಳಿ, ಅದರ ತಾರೀಕಿನಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಿ. ವಾಪಸಾದರೆ ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ನೋಟಿಸ್, ಅದು ತಲುಪಿದ ಮೇಲೆ 15 ದಿನ ಕಾಯುವುದು, ನಂತರದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು. ಕಂಪನಿ ದಿವಾಳಿ ಪ್ರಕ್ರಿಯೆಯಲ್ಲಿದ್ದರೂ ಸಹಿ ಹಾಕಿದ ಡೈರೆಕ್ಟರ್ ಮೇಲಿನ ಚೆಕ್ ಕೇಸು ನಿಲ್ಲುವುದಿಲ್ಲ.

ಕುಟುಂಬದವರೇ ಆಗಿ ಅಲ್ಲಿ ದುಡಿದ ಅಳಿಯ, ಚಿಕ್ಕಪ್ಪನ ಮಗ ಇಂಥವರಿಗೊಂದು ಮಾತು. ತೆರಿಗೆ ಉಳಿಸಲೆಂದು ನಿಮ್ಮ ಹೆಸರನ್ನು ಪಾಲುದಾರರ ಪಟ್ಟಿಗೆ ಸೇರಿಸಿದ್ದರೆ ಕಾನೂನಿನಲ್ಲಿ ನೀವು ಕೆಲಸಗಾರರಲ್ಲ, ಉಳಿದವರ ಬಾಕಿಗೆ ನೀವೂ ಹೊಣೆಗಾರರು. ಅರ್ಜಿ ಹಾಕುವ ಮೊದಲು ಫರ್ಮಿನ ಪಟ್ಟಿ ನೋಡಿಕೊಳ್ಳಿ.

ಆದೇಶ ಬಂದ ಮೇಲೆ

ಗೆದ್ದ ಆದೇಶ ಕಪಾಟಿನಲ್ಲಿ ಕೊಳೆಯುವುದು ಇಲ್ಲಿ. ಮಾಲೀಕರು ಕೊಡದಿದ್ದರೆ ಪ್ರಾಧಿಕಾರ ವಸೂಲಿ ಪ್ರಮಾಣಪತ್ರವನ್ನು ಜಿಲ್ಲಾಧಿಕಾರಿಗೆ ಕಳಿಸುತ್ತದೆ, ಅದು ಭೂಕಂದಾಯದ ಬಾಕಿಯಂತೆ ವಸೂಲಾಗಬೇಕು, ಕಡತ ಬಂದು ಕೂರುವುದು ತಹಶೀಲ್ದಾರರ ಕಚೇರಿಯಲ್ಲಿ. "ಆಸ್ತಿ ಪತ್ತೆಯಾಗಿಲ್ಲ" ಎಂಬ ಒಂದು ಸಾಲಿನ ವರದಿಯೊಂದಿಗೆ ಅದು ಹಿಂದಿರುಗುತ್ತದೆ, ಏಕೆಂದರೆ ಆಸ್ತಿ ಎಲ್ಲಿದೆಯೆಂದು ಯಾರೂ ಹೇಳಿರುವುದಿಲ್ಲ. ಆ ಕೆಲಸವನ್ನು ನೀವೇ ಮಾಡಿ: ಹಳೇ ಮತ್ತು ಹೊಸ ಮಾಲೀಕರ ಹೆಸರಿನ ಪಹಣಿ, ಇ-ಖಾತಾ, ಇಸಿ, ವಾಹನದ ನೋಂದಣಿ ಸಂಖ್ಯೆ, ಸಂಬಳ ಬರುತ್ತಿದ್ದ ಬ್ಯಾಂಕ್ ಖಾತೆ, ಬಿಲ್ ಬಾಕಿ ಉಳಿಸಿಕೊಂಡ ದೊಡ್ಡ ಗಿರಾಕಿಗಳ ಹೆಸರು. ಆದೇಶವಾದ ವಾರದಲ್ಲೇ ಈ ಪಟ್ಟಿಯನ್ನು ತಹಶೀಲ್ದಾರರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಕಡತದ ಸಂಖ್ಯೆ ಬರೆದುಕೊಂಡು, ತಿಂಗಳಿಗೊಮ್ಮೆ ಹೋಗಿ ಯಾರ ಟೇಬಲ್ಲಿನಲ್ಲಿದೆ ಎಂದು ಕೇಳಿ. ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ.

ಕೇಸು ನಡೆಯುತ್ತಿರುವಾಗಲೇ ಮಾಲೀಕರು ಆಸ್ತಿಯನ್ನು ಹೆಂಡತಿ ಮಕ್ಕಳ ಹೆಸರಿಗೆ ದಾನಪತ್ರ ಮಾಡಿದರೆ, ಸಾಲಗಾರರನ್ನು ತಪ್ಪಿಸಲು ಮಾಡಿದ ವರ್ಗಾವಣೆ ಎಂದು ಸಿವಿಲ್ ಕೋರ್ಟಿನಲ್ಲಿ ಪ್ರಶ್ನಿಸಬಹುದು. ಇದಕ್ಕೆ ವಕೀಲರು ಬೇಕು. ಕೈಗಾರಿಕಾ ಕಾರ್ಮಿಕರಿಗೆ, ಎಲ್ಲ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ಸೇವೆ ಸಿಗುತ್ತದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಇರುವ ಕಾನೂನು ಸೇವಾ ಸಮಿತಿಯ ಕಚೇರಿಗೆ ಗುರುತಿನ ಚೀಟಿ ಮತ್ತು ಆದೇಶದ ಪ್ರತಿ ತೆಗೆದುಕೊಂಡು ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಹೋಗುವ ಮೊದಲು ಹೊಸ ಇಸಿ ಒಂದನ್ನು ತೆಗೆಸಿಕೊಳ್ಳಿ; ದಾನಪತ್ರದ ತಾರೀಕು ನಿಮ್ಮ ಮೊದಲ ನೋಟಿಸಿನ ತಾರೀಕಿಗಿಂತ ಈಚಿನದಾಗಿದ್ದರೆ ವಕೀಲರು ಮೊದಲು ಕೇಳುವುದು ಆ ಎರಡು ಕಾಗದಗಳನ್ನೇ.